ಡಿಗ್ರಿ ಕೊನೆಯ ವರ್ಷದ ಅರ್ಥಶಾಸ್ತ್ರ: ಉರು ಹೊಡೆಯದೆ ಕಲಿಯುವ ದಾರಿ, ಹಂತ ಹಂತವಾಗಿ

ಐದನೇ ಸೆಮಿಸ್ಟರ್ ಶುರುವಾಗಿ ಎರಡು ಮೂರು ವಾರ ಆಗುವಷ್ಟರಲ್ಲಿ ಒಂದು ಮಾತು ಪ್ರತಿ ವರ್ಷ ನನ್ನ ಕಿವಿಗೆ ಬೀಳುತ್ತದೆ. "ಮೇಡಂ, ಇಷ್ಟು ದಿನ ಇಕನಾಮಿಕ್ಸ್ ಸುಲಭ ಇತ್ತು, ಈಗ ತಲೆಬುಡ ಗೊತ್ತಾಗ್ತಿಲ್ಲ." ಹೇಳುವವರು ದಡ್ಡರಲ್ಲ. ಮೊದಲ ನಾಲ್ಕು ಸೆಮಿಸ್ಟರ್‌ನಲ್ಲಿ ಎಪ್ಪತ್ತು, ಎಂಬತ್ತು ತೆಗೆದವರೇ. ಅವರು ಓದುವ ರೀತಿ ಬದಲಾಗಿಲ್ಲ, ವಿಷಯ ಬದಲಾಗಿದೆ. ಬೇಡಿಕೆ ನಿಯಮ, ಅದರ ಊಹೆಗಳು, ಅಪವಾದಗಳು, ಪಕ್ಕದಲ್ಲೊಂದು ಚಿತ್ರ ಬರೆದರೆ ಮೊದಲ ವರ್ಷದಲ್ಲಿ ಅಂಕ ಬರುತ್ತಿತ್ತು. ಮೇಲಿನ ಹಂತದ ಪೇಪರ್‌ಗಳು ಹಾಗಲ್ಲ. ಅವುಗಳಲ್ಲಿ ನೀವೇ ಪೆನ್ಸಿಲ್ ಹಿಡಿದು ಲೆಕ್ಕ ಮಾಡದ ಹೊರತು ಒಂದು ಸಾಲೂ ನಿಮ್ಮದಾಗುವುದಿಲ್ಲ.

ನಾನು ಹಲವು ವರ್ಷದಿಂದ ಈ ಪೇಪರ್‌ಗಳನ್ನು ಹೇಳಿಕೊಡುತ್ತಿದ್ದೇನೆ. ನನ್ನ ಮಕ್ಕಳಿಗೆ ಯಾವುದು ಕೆಲಸಕ್ಕೆ ಬಂತೋ ಅದನ್ನು ಅದೇ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗಳನ್ನು ಸುಮ್ನೆ ಓದಿಕೊಂಡು ಹೋಗಬೇಡಿ. ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಳ್ಳಿ.

ಹಂತ 1: ಯಾವ ಪೇಪರ್ ಮೊದಲು, ಯಾವುದು ಆಮೇಲೆ

ಕರ್ನಾಟಕದಲ್ಲಿ 2024-25ರಿಂದ ಮತ್ತೆ ಮೂರು ವರ್ಷದ ಪದವಿ ಬಂದಿದೆ. ಅಂದರೆ ನಿಮ್ಮ ಕೈಯಲ್ಲಿರುವುದು ಆರೇ ಸೆಮಿಸ್ಟರ್. ಐಚ್ಛಿಕ ಪೇಪರ್ ಆರಿಸುವಾಗ ಬಹಳ ಜನ ಎರಡೇ ವಿಷಯ ನೋಡುತ್ತಾರೆ: ಸೀನಿಯರ್‌ಗಳು ಯಾವುದನ್ನು ಸುಲಭ ಅಂದರು, ಯಾವುದಕ್ಕೆ ನೋಟ್ಸ್ ಸಿಗುತ್ತದೆ. ಇದು ಆ ಸೆಮಿಸ್ಟರ್‌ಗೆ ಸರಿ ಕಾಣುತ್ತದೆ, ಎಂಎ ಪ್ರವೇಶ ಪರೀಕ್ಷೆ ಬರೆಯುವಾಗ ಕುತ್ತಿಗೆಗೆ ಬರುತ್ತದೆ.

ನನ್ನ ಸಲಹೆ ಹೀಗಿದೆ. ಗಣಿತ ಮತ್ತು ಸಂಖ್ಯಾಶಾಸ್ತ್ರದ ಪೇಪರ್ ಇದ್ದರೆ ಅದು ಮೊದಲು. ಆಮೇಲೆ ಮೇಲಿನ ಹಂತದ ಸೂಕ್ಷ್ಮ ಮತ್ತು ಸಮಗ್ರ ಅರ್ಥಶಾಸ್ತ್ರ. ಅದರ ಬೆನ್ನಿಗೆ ಇಕನಾಮೆಟ್ರಿಕ್ಸ್, ಅಂದರೆ ಅಂಕಿಅಂಶ ಇಟ್ಟುಕೊಂಡು ಆರ್ಥಿಕ ಸಂಬಂಧಗಳನ್ನು ಅಳೆಯುವ ಪೇಪರ್. ಇವು ಕೈಗೆ ಹತ್ತಿದ ಮೇಲೆ ಅಭಿವೃದ್ಧಿ, ಸಾರ್ವಜನಿಕ ಹಣಕಾಸು, ಅಂತರರಾಷ್ಟ್ರೀಯ ವ್ಯಾಪಾರ, ಪರಿಸರ, ಕಾರ್ಮಿಕ ಅರ್ಥಶಾಸ್ತ್ರ, ಯಾವುದನ್ನು ಬೇಕಾದರೂ ತೆಗೆದುಕೊಳ್ಳಿ. ಅವೆಲ್ಲ ಇದೇ ಸಾಮಾನಿನಿಂದ ಮಾಡಿದ ಬೇರೆ ಬೇರೆ ಅಡುಗೆ. ನಿಮ್ಮ ಕಾಲೇಜಿನಲ್ಲಿ ಇಕನಾಮೆಟ್ರಿಕ್ಸ್ ಇಲ್ಲವೇ ಇಲ್ಲ ಅಂದರೆ ಸ್ವಯಂ ಅಥವಾ ಎನ್‌ಪಿಟಿಇಎಲ್ ಅನ್ನುವ ಆನ್‌ಲೈನ್ ಕಲಿಕಾ ತಾಣಗಳಲ್ಲಿ ಉಚಿತ ಕೋರ್ಸ್ ಇದೆಯಾ ನೋಡಿ, ಒಬ್ಬರೇ ಕೂರಬೇಡಿ, ಇಬ್ಬರು ಮೂವರು ಸೇರಿಕೊಂಡು ಮಾಡಿ.

ಹಂತ 2: ಗಣಿತದ ಬಾಕಿ ತೀರಿಸಿ, ಮೂರೇ ವಾರ ಸಾಕು

ಪಿಯುಸಿಯಲ್ಲಿ ಕಲಾ ವಿಭಾಗ ಓದಿದವರು ಇಲ್ಲಿ ಹೆದರುತ್ತಾರೆ. ಬೇಕಾಗಿರುವುದು ನೀವು ಅಂದುಕೊಂಡದ್ದಕ್ಕಿಂತ ಕಡಿಮೆ. ಡೆರಿವೇಟಿವ್ ತೆಗೆಯುವ ನಾಲ್ಕು ನಿಯಮ, ಪಾರ್ಷಿಯಲ್ ಡೆರಿವೇಟಿವ್, ಲಾಗ್, ಸಿಗ್ಮಾ ಚಿಹ್ನೆ, ಸರಾಸರಿ, ವೇರಿಯನ್ಸ್, ಕೋವೇರಿಯನ್ಸ್. ಪ್ರಥಮ ಪಿಯುಸಿ ವಿಜ್ಞಾನದ ಗಣಿತ ಪುಸ್ತಕ ಯಾರ ಹತ್ತಿರ ಆದರೂ ಇಸಿದುಕೊಳ್ಳಿ. ಅದರಲ್ಲಿ ಡೆರಿವೇಟಿವ್ ಅಧ್ಯಾಯ, ಸಂಖ್ಯಾಶಾಸ್ತ್ರದ ಅಧ್ಯಾಯ, ಎರಡನ್ನೇ ಮಾಡಿ. ದಿನಕ್ಕೆ ಹತ್ತು ಲೆಕ್ಕ. ತ್ರಿಕೋನಮಿತಿ ಬಿಡಿ.

ಲಾಗ್ ಬಗ್ಗೆ ಒಂದು ಮಾತು, ಯಾಕೆಂದರೆ ಅದು ಮುಂದೆ ಎಲ್ಲ ಕಡೆ ಬರುತ್ತದೆ. ಬೆಲೆ 100ರಿಂದ 105ಕ್ಕೆ ಹೋದರೆ ಶೇ 5 ಏರಿಕೆ. ನ್ಯಾಚುರಲ್ ಲಾಗ್‌ನ ವ್ಯತ್ಯಾಸ ತೆಗೆದರೆ 0.0488, ಹತ್ತಿರ ಹತ್ತಿರ ಅಷ್ಟೇ. ಅದಕ್ಕೇ ಅರ್ಥಶಾಸ್ತ್ರಜ್ಞರು ಶೇಕಡಾ ಬದಲಾವಣೆ ಬೇಕಾದಾಗೆಲ್ಲ ಲಾಗ್ ಹಾಕುತ್ತಾರೆ. ಆದರೆ ಇದು ಸಣ್ಣ ಬದಲಾವಣೆಗೆ ಮಾತ್ರ. 100ರಿಂದ 200ಕ್ಕೆ ಹೋದರೆ ಏರಿಕೆ ಶೇ 100, ಲಾಗ್ ವ್ಯತ್ಯಾಸ ಬರೀ 0.69. ಈ ಒಂದು ಎಚ್ಚರ ನೆನಪಿದ್ದರೆ ಮುಂದೆ ಪ್ರಾಜೆಕ್ಟ್‌ನಲ್ಲಿ ದೊಡ್ಡ ತಪ್ಪು ತಪ್ಪುತ್ತದೆ.

ಹಂತ 3: ಸೂಕ್ಷ್ಮ ಅರ್ಥಶಾಸ್ತ್ರವನ್ನು ರೂಪಾಯಿಯಲ್ಲಿ ಮಾಡಿ

ಲಗ್ರಾಂಜ್ ವಿಧಾನ, ಅಂದರೆ ಒಂದು ಮಿತಿಯೊಳಗೆ ಅತಿ ಹೆಚ್ಚು ಎಷ್ಟು ಪಡೆಯಬಹುದು ಅನ್ನುವ ಲೆಕ್ಕ, ಅಂದ ಕೂಡಲೇ ಸೂತ್ರ ಬಾಯಿಪಾಠ ಮಾಡಬೇಡಿ. ಒಂದು ವಾರಕ್ಕೆ ನಿಮ್ಮ ಕೈಯಲ್ಲಿ 200 ರೂಪಾಯಿ ಇದೆ ಅಂದುಕೊಳ್ಳಿ. ಚಹಾ 10 ರೂಪಾಯಿ, ಬನ್ 20 ರೂಪಾಯಿ. ತುಷ್ಟಿಗುಣ, ಅಂದರೆ ನಿಮಗೆ ಸಿಗುವ ತೃಪ್ತಿಯ ಅಳತೆ, ಇಲ್ಲಿ ಚಹಾ ಸಂಖ್ಯೆ ಗುಣಿಸು ಬನ್ ಸಂಖ್ಯೆ. ಲೆಕ್ಕ ಮಾಡಿದರೆ ದುಡ್ಡು ಎರಡಕ್ಕೂ ಅರ್ಧರ್ಧ ಹೋಗುತ್ತದೆ: 10 ಚಹಾ, 5 ಬನ್, ತುಷ್ಟಿಗುಣ 50. ಈ ವಿಧಾನದಲ್ಲಿ ಜೊತೆಗೆ ಸಿಗುವ ಲ್ಯಾಂಬ್ಡಾ ಅನ್ನುವ ಗುಣಕ 0.5 ಬರುತ್ತದೆ.

ಇಲ್ಲಿ ನಿಲ್ಲಿ. ಬಹಳ ಜನ ಲ್ಯಾಂಬ್ಡಾ ಕಂಡುಹಿಡಿದು ಅಡಿಗೆರೆ ಹಾಕಿ ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಆ 0.5 ಏನು ಹೇಳುತ್ತಿದೆ? ನಿಮಗೆ ಒಂದು ರೂಪಾಯಿ ಜಾಸ್ತಿ ಸಿಕ್ಕರೆ ತುಷ್ಟಿಗುಣ ಎಷ್ಟು ಏರುತ್ತದೆ ಅಂತ. ಬೇಕಾದರೆ ಪರೀಕ್ಷೆ ಮಾಡಿ. 201 ರೂಪಾಯಿಗೆ 10.05 ಚಹಾ, 5.025 ಬನ್. ಗುಣಿಸಿ. 50.50 ಬಂತಲ್ವಾ? ಒಂದು ಸಲ ಹೀಗೆ ಕೈಯಾರೆ ನೋಡಿದವರು ಲ್ಯಾಂಬ್ಡಾ ಅಂದರೇನು ಅಂತ ಮತ್ತೆ ಯಾವತ್ತೂ ಮರೆತದ್ದನ್ನು ನಾನು ಕಂಡಿಲ್ಲ.

ಈಗ ಚಹಾ ಬೆಲೆ 20 ಆಯಿತು. ಅದೇ 200 ರೂಪಾಯಿಗೆ 5 ಚಹಾ, 5 ಬನ್. ಚಹಾ 10ರಿಂದ 5ಕ್ಕೆ ಇಳಿಯಿತು. ಈ ಐದರಲ್ಲಿ ಎಷ್ಟು ಭಾಗ "ಚಹಾ ತುಟ್ಟಿಯಾಯಿತು, ಬನ್ ಕಡೆ ಹೋಗೋಣ" ಅನ್ನುವುದರಿಂದ, ಎಷ್ಟು ಭಾಗ "ನನ್ನ ದುಡ್ಡಿಗೇ ಬೆಲೆ ಇಲ್ಲದಾಯಿತು" ಅನ್ನುವುದರಿಂದ? ಹಳೇ ತುಷ್ಟಿಗುಣ 50ನ್ನೇ ಹೊಸ ಬೆಲೆಯಲ್ಲಿ ಅತಿ ಕಡಿಮೆ ಖರ್ಚಿನಲ್ಲಿ ಮುಟ್ಟಬೇಕು ಅಂದರೆ ಎರಡೂ 7.07 ಬೇಕು, ಖರ್ಚು ಸುಮಾರು 283 ರೂಪಾಯಿ. ಹಾಗಾದರೆ 10ರಿಂದ 7.07ಕ್ಕೆ ಇಳಿದದ್ದು ಬದಲಿ ಪರಿಣಾಮ, 7.07ರಿಂದ 5ಕ್ಕೆ ಇಳಿದದ್ದು ಆದಾಯ ಪರಿಣಾಮ. ಆ 83 ರೂಪಾಯಿ ಇದೆಯಲ್ಲ, ಬೆಲೆ ಏರಿಕೆಯಿಂದ ನಿಮಗಾದ ನಷ್ಟವನ್ನು ತುಂಬಿಕೊಡಲು ಬೇಕಾದ ಮೊತ್ತ ಅದು. ತುಟ್ಟಿಭತ್ಯೆ ಎಷ್ಟು ಕೊಡಬೇಕು ಅನ್ನುವ ಚರ್ಚೆಯ ಬೇರು ಇಲ್ಲೇ ಇದೆ. ಔದಾಸೀನ್ಯ ವಕ್ರರೇಖೆಯ ಚಿತ್ರವನ್ನು ಈ ಮೂರು ಬಿಂದು ಗುರುತಿಸಿ ಬರೆಯಿರಿ. ಗೈಡ್‌ನಲ್ಲಿರುವ ಚಿತ್ರ ಆಮೇಲೆ ತಾನಾಗಿ ಅರ್ಥವಾಗುತ್ತದೆ.

ಗೇಮ್ ಥಿಯರಿ, ಅಂದರೆ ಒಬ್ಬರ ಲಾಭ ಇನ್ನೊಬ್ಬರ ನಡೆಯ ಮೇಲೂ ನಿಂತಿರುವಾಗ ಮಾಡುವ ಲೆಕ್ಕ, ಕೂಡ ಹಾಗೇ. ಕೈದಿಗಳ ಕಥೆ ಎಲ್ಲರೂ ಬರೆಯುತ್ತಾರೆ. ನೀವು ಹರಾಜಿನ ಲೆಕ್ಕ ಮಾಡಿ ನೋಡಿ. ಅಡಿಕೆ ಟೆಂಡರ್‌ನಲ್ಲಿ ವ್ಯಾಪಾರಿಗಳು ಒಬ್ಬರಿಗೊಬ್ಬರು ಕಾಣದಂತೆ ದರ ಬರೆಯುತ್ತಾರೆ, ಜಾಸ್ತಿ ಬರೆದವರಿಗೆ ಮಾಲು, ತಾವು ಬರೆದ ದರಕ್ಕೇ. ಇಂಥ ಕಡೆ ತನಗೆ ಗಿಟ್ಟುವ ಪೂರ್ತಿ ಬೆಲೆ ಬರೆದರೆ ಲಾಭವೇ ಉಳಿಯುವುದಿಲ್ಲ, ಅದಕ್ಕೆ ಎಲ್ಲರೂ ಸ್ವಲ್ಪ ಇಳಿಸಿಯೇ ಬರೆಯುತ್ತಾರೆ. ಗೆದ್ದವರು ಎರಡನೆಯವರು ಬರೆದ ದರ ಕೊಟ್ಟರೆ ಸಾಕು ಅಂತ ನಿಯಮ ಬದಲಾಯಿಸಿದರೆ? ಆಗ ನಿಜವಾದ ಬೆಲೆ ಬರೆಯುವುದೇ ಎಲ್ಲರಿಗೂ ಒಳ್ಳೆಯದು. ಇದನ್ನು ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲಿ ತೋರಿಸಿದರು, 1996ರಲ್ಲಿ ನೊಬೆಲ್ ಬಂತು. ಇಬ್ಬರೇ ವ್ಯಾಪಾರಿಗಳು, ಇಬ್ಬರ ಬೆಲೆಯೂ 0ಯಿಂದ 100ರ ನಡುವೆ ಎಲ್ಲಿ ಬೇಕಾದರೂ ಸಮಾನ ಸಾಧ್ಯತೆಯಲ್ಲಿ ಇರಬಹುದು ಅಂದುಕೊಂಡು ಲೆಕ್ಕ ಹಾಕಿ. ಮೊದಲ ನಿಯಮದಲ್ಲಿ ಪ್ರತಿಯೊಬ್ಬರೂ ತಮ್ಮ ಬೆಲೆಯ ಅರ್ಧ ಬರೆಯುತ್ತಾರೆ. ಎರಡೂ ನಿಯಮದಲ್ಲಿ ಮಾರುವವರಿಗೆ ಸರಾಸರಿ ಸಿಗುವುದು ಒಂದೇ, 33.3. ಈ ಉತ್ತರ ನಿಮ್ಮ ಹಾಳೆಯ ಮೇಲೆ ಬಂದ ದಿನ ನಿಮಗೆ ಈ ವಿಷಯದ ಮೇಲೆ ಪ್ರೀತಿ ಹುಟ್ಟುತ್ತದೆ.

ಹಂತ 4: ಸಮಗ್ರ ಅರ್ಥಶಾಸ್ತ್ರಕ್ಕೆ ಒಂದು ಮಾದರಿ, ಒಂದು ಪತ್ರಿಕಾ ಹೇಳಿಕೆ

ಇದನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಇಲ್ಲಿ ನೋಟ್ಸ್ ಬೇಕಾದಷ್ಟು ಸಿಗುತ್ತವೆ. 1956ರ ಸೋಲೋ ಬೆಳವಣಿಗೆ ಮಾದರಿಯನ್ನು ಸಂಖ್ಯೆ ಹಾಕಿ ಮಾಡಿ. ಉತ್ಪಾದನೆ ಅಂದರೆ ಬಂಡವಾಳದ ವರ್ಗಮೂಲ, ಸವಕಳಿ ಶೇ 5, ಜನಸಂಖ್ಯೆ ಬೆಳೆಯುವುದಿಲ್ಲ. ಉಳಿತಾಯ ಶೇ 20 ಇದ್ದರೆ, ಉಳಿತಾಯವೂ ಸವಕಳಿಯೂ ಸಮ ಆಗುವ ಕಡೆ, ಬಂಡವಾಳ 16ಕ್ಕೆ ನಿಲ್ಲುತ್ತದೆ, ಉತ್ಪಾದನೆ 4, ಅನುಭೋಗ 3.2. ಉಳಿತಾಯ ಶೇ 50 ಮಾಡಿ, ಅನುಭೋಗ 5. ಶೇ 70 ಮಾಡಿ, ಉತ್ಪಾದನೆ 14ಕ್ಕೆ ಏರುತ್ತದೆ, ಆದರೆ ಅನುಭೋಗ 4.2ಕ್ಕೆ ಇಳಿಯುತ್ತದೆ. ಉಳಿಸಿದಷ್ಟೂ ಒಳ್ಳೆಯದು ಅಂತ ಮನೆಯಲ್ಲಿ ಕೇಳಿ ಬೆಳೆದ ನಮಗೆ ಇದು ಯೋಚನೆಗೆ ಹಚ್ಚುವ ಫಲಿತಾಂಶ.

ಜೊತೆಗೆ ರಿಸರ್ವ್ ಬ್ಯಾಂಕಿನ ಹಣಕಾಸು ನೀತಿ ಸಮಿತಿ ಎರಡು ತಿಂಗಳಿಗೊಮ್ಮೆ ಹೊರಡಿಸುವ ಹೇಳಿಕೆಯನ್ನು ತಪ್ಪದೆ ಓದಿ. ಆರು ಜನ ಸದಸ್ಯರು, ಗುರಿ ಶೇ 4 ಹಣದುಬ್ಬರ, ಆ ಕಡೆ ಈ ಕಡೆ ಶೇ 2. ಓದುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈಗ ಬೆಲೆ ಏರಿದ್ದು ಬೇಡಿಕೆ ಜಾಸ್ತಿಯಾಗಿಯೋ, ಪೂರೈಕೆ ಕಡಿಮೆಯಾಗಿಯೋ? ಟೊಮೆಟೊ ಬೆಳೆ ಹಾಳಾಗಿ ಬೆಲೆ ಏರಿದರೆ ಬಡ್ಡಿ ದರ ಏರಿಸಿ ಏನು ಮಾಡಲಾಗುತ್ತದೆ? 2012 ಆಧಾರ ವರ್ಷದ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಆಹಾರ ಮತ್ತು ಪಾನೀಯದ ತೂಕ 45.86 ಇತ್ತು. ಈ ಒಂದು ಅಂಕಿ ಇಟ್ಟುಕೊಂಡು ನಿಮ್ಮದೇ ಮಾತಿನಲ್ಲಿ ಒಂದು ಪುಟ ಬರೆಯಿರಿ, ಇಂಟರ್ನಲ್ಸ್‌ಗೂ ಆಗುತ್ತದೆ.

ಹಂತ 5: ಇಕನಾಮೆಟ್ರಿಕ್ಸ್, ಇಲ್ಲಿ ನಿಧಾನ ಮಾಡಿ

ಇಡೀ ಡಿಗ್ರಿಯಲ್ಲಿ ಒಂದೇ ಪೇಪರ್ ಚೆನ್ನಾಗಿ ಕಲಿಯಲು ಸಮಯ ಇದೆ ಅಂದರೆ ಇದನ್ನೇ ಕಲಿಯಿರಿ ಅಂತ ನಾನು ಹೇಳುತ್ತೇನೆ. ಕೆಲಸ ಸಿಗುವುದೂ ಇದರಿಂದ, ಸರ್ಕಾರದ ಯೋಜನೆ ಫಲ ಕೊಟ್ಟಿತಾ ಇಲ್ಲವಾ ಅಂತ ಜಗಳವಿಲ್ಲದೆ ಮಾತಾಡಲು ಬರುವುದೂ ಇದರಿಂದ.

ಮೊದಲ ರಿಗ್ರೆಶನ್, ಅಂದರೆ ಬಿಂದುಗಳ ನಡುವೆ ಅತಿ ಚೆನ್ನಾಗಿ ಹೊಂದುವ ಗೆರೆ ಕಂಡುಹಿಡಿಯುವ ಲೆಕ್ಕ, ಕೈಯಲ್ಲೇ ಆಗಬೇಕು, ಕಂಪ್ಯೂಟರ್ ಮುಟ್ಟಬೇಡಿ. ಒಂದು ಈರುಳ್ಳಿ ಅಂಗಡಿ ಅಂದುಕೊಳ್ಳಿ. ಐದು ದಿನದ ದರ ಕಿಲೋಗೆ 20, 30, 40, 50, 60 ರೂಪಾಯಿ. ಮಾರಾಟವಾದದ್ದು 95, 80, 75, 55, 45 ಕಿಲೋ. ದರದ ಸರಾಸರಿ 40, ಮಾರಾಟದ ಸರಾಸರಿ 70. ಪ್ರತಿ ದಿನದ ಅಂಕಿಯಿಂದ ಸರಾಸರಿ ಕಳೆಯಿರಿ. ಎರಡೂ ವ್ಯತ್ಯಾಸ ಗುಣಿಸಿ ಕೂಡಿಸಿ: ಮೈನಸ್ 1250. ದರದ ವ್ಯತ್ಯಾಸದ ವರ್ಗ ಕೂಡಿಸಿ: 1000. ಭಾಗಿಸಿದರೆ ಇಳಿಜಾರು ಮೈನಸ್ 1.25. ಅಂದರೆ ದರ ಒಂದು ರೂಪಾಯಿ ಏರಿದ ಕಡೆ ಮಾರಾಟ ಒಂದೂಕಾಲು ಕಿಲೋ ಕಡಿಮೆ. ಸ್ಥಿರಾಂಕ 120.

ಈಗ ಗೆರೆ ಹೇಳುವ ಮಾರಾಟ ಮತ್ತು ನಿಜವಾದ ಮಾರಾಟದ ನಡುವಿನ ಶೇಷಗಳನ್ನು ಬರೆಯಿರಿ: 0, ಮೈನಸ್ 2.5, 5, ಮೈನಸ್ 2.5, 0. ಕೂಡಿಸಿದರೆ ಸೊನ್ನೆ ಬರಲೇಬೇಕು. ಬರದಿದ್ದರೆ ಲೆಕ್ಕ ತಪ್ಪಿದೆ, ಹಿಂದಕ್ಕೆ ಹೋಗಿ. ಶೇಷಗಳ ವರ್ಗದ ಮೊತ್ತ 37.5, ಮಾರಾಟದ ಒಟ್ಟು ಏರುಪೇರು 1600, ಹಾಗಾಗಿ ಆರ್-ಸ್ಕ್ವೇರ್, ಅಂದರೆ ಏರುಪೇರಿನಲ್ಲಿ ಗೆರೆ ವಿವರಿಸಿದ ಪಾಲು, 0.977. 37.5ನ್ನು 3ರಿಂದ ಭಾಗಿಸಿ, ಬಂದದ್ದನ್ನು 1000ದಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ: ಇಳಿಜಾರಿನ ಸ್ಟ್ಯಾಂಡರ್ಡ್ ಎರರ್ 0.112. ಇಳಿಜಾರನ್ನು ಇದರಿಂದ ಭಾಗಿಸಿದರೆ ಟಿ-ಮೌಲ್ಯ ಮೈನಸ್ 11.18. ಕೋಷ್ಟಕದಲ್ಲಿ 3 ಡಿಗ್ರಿ ಆಫ್ ಫ್ರೀಡಂಗೆ ಶೇ 5ರ ಗಡಿ 3.18. ದಾಟಿತು, ಅಂದರೆ ಈ ಇಳಿಜಾರು ಬರೀ ಆಕಸ್ಮಿಕ ಅನ್ನಲಾಗುವುದಿಲ್ಲ. ಇಷ್ಟಾದ ಮೇಲೆ ಇದೇ ಐದು ಸಾಲನ್ನು ಗ್ರೆಟಲ್ ಅಥವಾ ಆರ್ ತಂತ್ರಾಂಶದಲ್ಲಿ ಹಾಕಿ, ಎರಡೂ ಉಚಿತ. ಪರದೆ ಮೇಲೆ ನಿಮ್ಮದೇ ಅಂಕಿಗಳು ಬರುತ್ತವೆ. ಆಗ ಆ ಕೋಷ್ಟಕದ ಪ್ರತಿ ಅಂಕಣವೂ ನಿಮಗೆ ಪರಿಚಯದ ಮುಖ.

ಇದರ ಆಚೆಗೇ ನಿಜವಾದ ಪಾಠ ಇರುವುದು. ಆ ಮೈನಸ್ 1.25 ಬೇಡಿಕೆ ರೇಖೆಯ ಇಳಿಜಾರೇ? ಹಾಗಂತ ಬರೆದುಬಿಟ್ಟರೆ ತಪ್ಪು. ದರ ಸುಮ್ನೆ ಬದಲಾಗುವುದಿಲ್ಲ. ಹಬ್ಬ ಬಂದು ಕೊಳ್ಳುವವರು ಜಾಸ್ತಿಯಾದರೆ ದರವೂ ಏರುತ್ತದೆ, ಮಾರಾಟವೂ ಏರುತ್ತದೆ. ಲಾರಿ ಬರದಿದ್ದರೆ ದರ ಏರುತ್ತದೆ, ಮಾರಾಟ ಇಳಿಯುತ್ತದೆ. ನಮ್ಮ ಐದು ಬಿಂದುಗಳಲ್ಲಿ ಇವೆರಡೂ ಬೆರೆತಿರಬಹುದು. ಬಿಡಿಸಬೇಕಾದರೆ ಪೂರೈಕೆಯನ್ನು ಮಾತ್ರ ಅಲುಗಾಡಿಸುವ, ಕೊಳ್ಳುವವರ ಮನಸ್ಸಿಗೆ ಸಂಬಂಧವೇ ಇಲ್ಲದ ಏನಾದರೂ ಬೇಕು. ಮಲ್ಪೆ, ಮಂಗಳೂರು ಕಡೆಯವರಿಗೆ ಇದು ಬೇಗ ತಲೆಗೆ ಹೋಗುತ್ತದೆ: ಸಮುದ್ರದಲ್ಲಿ ಗಾಳಿ ಜೋರಿದ್ದ ದಿನ ದೋಣಿ ಇಳಿಯುವುದಿಲ್ಲ, ಮೀನು ಕಡಿಮೆ ಬರುತ್ತದೆ, ಆದರೆ ಊಟಕ್ಕೆ ಮೀನು ಬೇಕು ಅನ್ನುವ ಆಸೆ ಗಾಳಿಯಿಂದ ಕಡಿಮೆಯಾಗುವುದಿಲ್ಲ. ಆ ಗಾಳಿಯೇ ಇನ್‌ಸ್ಟ್ರುಮೆಂಟ್. ಅರ್ಥಶಾಸ್ತ್ರಜ್ಞ ಫಿಲಿಪ್ ರೈಟ್ 1928ರಲ್ಲೇ ಈ ದಾರಿ ತೋರಿಸಿದ್ದರು. ಪರೀಕ್ಷೆಯಲ್ಲಿ ಇನ್‌ಸ್ಟ್ರುಮೆಂಟ್ ಬಳಸುವ ಎರಡು ಹಂತದ ಕನಿಷ್ಠ ವರ್ಗ ವಿಧಾನದ ಸೂತ್ರ ಬರೆಯುವ ಮುಂಚೆ ಈ ಮೂರು ಸಾಲು ಬರೆದ ಉತ್ತರ ಪತ್ರಿಕೆಗೂ ಬರೆಯದ್ದಕ್ಕೂ ಓದುವವರಿಗೆ ತಕ್ಷಣ ವ್ಯತ್ಯಾಸ ಗೊತ್ತಾಗುತ್ತದೆ.

ಇನ್ನೊಂದು ವಿಧಾನ ಕಲಿಯಲೇಬೇಕು, ಡಿಫರೆನ್ಸ್ ಇನ್ ಡಿಫರೆನ್ಸಸ್: ನೀತಿ ಬದಲಾದ ಕಡೆಯ ಏರಿಳಿತವನ್ನು ಬದಲಾಗದ ಕಡೆಯ ಏರಿಳಿತದ ಜೊತೆ ಹೋಲಿಸುವುದು. 1992ರ ಏಪ್ರಿಲ್ 1ರಂದು ಅಮೆರಿಕದ ನ್ಯೂಜೆರ್ಸಿಯಲ್ಲಿ ಕನಿಷ್ಠ ವೇತನ ಗಂಟೆಗೆ 4.25 ಡಾಲರ್‌ನಿಂದ 5.05ಕ್ಕೆ ಏರಿತು. ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಏರಲಿಲ್ಲ. ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎರಡೂ ಕಡೆಯ 410 ಫಾಸ್ಟ್‌ಫುಡ್ ಅಂಗಡಿಗಳಲ್ಲಿ ಮೊದಲು ಒಮ್ಮೆ, ಆಮೇಲೆ ಒಮ್ಮೆ ಕೆಲಸಗಾರರ ಲೆಕ್ಕ ತೆಗೆದುಕೊಂಡರು. ನ್ಯೂಜೆರ್ಸಿಯಲ್ಲಿ ಅಂಗಡಿಗೆ ಸರಾಸರಿ 20.44 ಇದ್ದದ್ದು 21.03 ಆಯಿತು. ಪೆನ್ಸಿಲ್ವೇನಿಯಾದಲ್ಲಿ 23.33 ಇದ್ದದ್ದು 21.17 ಆಯಿತು. ಒಂದು ಕಡೆ 0.59 ಏರಿಕೆ, ಇನ್ನೊಂದು ಕಡೆ 2.16 ಇಳಿಕೆ, ವ್ಯತ್ಯಾಸದ ವ್ಯತ್ಯಾಸ 2.75. ವೇತನ ಏರಿದರೆ ಕೆಲಸ ಕಡಿಮೆಯಾಗುತ್ತದೆ ಅನ್ನುವ ಪುಸ್ತಕದ ಉತ್ತರಕ್ಕೆ ಇದು ದೊಡ್ಡ ಸವಾಲಾಯಿತು. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂತು.

ನಮ್ಮಲ್ಲೂ ಇಂಥದ್ದು ಇದೆ. 2014ರಿಂದ ಕರ್ನಾಟಕದ ಎಪಿಎಂಸಿಗಳು ಏಕೀಕೃತ ಮಾರುಕಟ್ಟೆ ವೇದಿಕೆ ಅನ್ನುವ ಆನ್‌ಲೈನ್ ವ್ಯವಸ್ಥೆಗೆ ಒಂದೊಂದಾಗಿ ಸೇರಿದವು. ಸೇರಿದ ದಿನ ಬೇರೆ ಬೇರೆ ಆದ್ದರಿಂದ ಹೋಲಿಕೆ ಸಾಧ್ಯವಾಯಿತು. 2020ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಭತ್ತದ ದರ ಶೇ 5.1, ಕಡಲೆಕಾಯಿ ಶೇ 3.6, ಮೆಕ್ಕೆಜೋಳ ಶೇ 3.5 ಏರಿದ್ದು ಕಂಡಿತು. ಶಕ್ತಿ ಯೋಜನೆ ಹಾಗಲ್ಲ, 2023ರ ಜೂನ್ 11ರಂದು ಇಡೀ ರಾಜ್ಯದಲ್ಲಿ ಒಂದೇ ದಿನ ಶುರುವಾಯಿತು. ಹಾಗಾದರೆ ಯಾರನ್ನು ಯಾರ ಜೊತೆ ಹೋಲಿಸುತ್ತೀರಿ? ಪಕ್ಕದ ರಾಜ್ಯದ ಮಹಿಳೆಯರ ಜೊತೆಯೋ, ಇಲ್ಲಿನ ಗಂಡಸರ ಜೊತೆಯೋ? ಎರಡರಲ್ಲೂ ತೊಡಕಿದೆ. ಗೆಳೆಯರ ಜೊತೆ ಕೂತು ಒಂದು ಸಂಜೆ ಇದನ್ನೇ ಚರ್ಚೆ ಮಾಡಿ, ಹತ್ತು ಪುಟ ನೋಟ್ಸ್‌ಗಿಂತ ಜಾಸ್ತಿ ಕಲಿಯುತ್ತೀರಿ.

ಹಂತ 6: ಕನ್ನಡ ಮಾಧ್ಯಮದಿಂದ ಬಂದವರಿಗೆ

ನಿಮಗೆ ಕಷ್ಟ ಆಗುತ್ತಿರುವುದು ಅರ್ಥಶಾಸ್ತ್ರವೋ ಇಂಗ್ಲಿಷೋ ಅಂತ ಮೊದಲು ಬೇರೆ ಮಾಡಿಕೊಳ್ಳಿ. ಒಂದು ನೂರು ಪುಟದ ನೋಟ್‌ಬುಕ್ ಇಡಿ. ಎಡಗಡೆ ಪುಟದಲ್ಲಿ ಇಂಗ್ಲಿಷ್ ಪದ, ಬಲಗಡೆ ಪುಟದಲ್ಲಿ ಅದರ ಅರ್ಥ ನಿಮ್ಮ ಮಾತಿನಲ್ಲಿ, ಕೆಳಗೆ ಒಂದು ಸಂಖ್ಯೆಯ ಉದಾಹರಣೆ. ಮಾರ್ಜಿನಲ್ ಅನ್ನುವ ಪದಕ್ಕೆ ಸೀಮಾಂತ ಅಂತ ಬರೆದು ಬಿಟ್ಟರೆ ಸಾಲದು. "ಇನ್ನೂ ಒಂದು ಮಾಡಿದರೆ ಎಷ್ಟು ಜಾಸ್ತಿ" ಅಂತ ಬರೆಯಿರಿ. ಮೊದಲು ಕನ್ನಡದಲ್ಲಿ ಜೋರಾಗಿ ಹೇಳಿಕೊಂಡು, ಆಮೇಲೆ ಇಂಗ್ಲಿಷಿನಲ್ಲಿ ಬರೆಯುವ ಅಭ್ಯಾಸ ಮಾಡಿ. ಗಣಿತಕ್ಕೆ ಮಾಧ್ಯಮ ಇಲ್ಲ, ಹಾಗಾಗಿ ಗಣಿತ ಜಾಸ್ತಿ ಇರುವ ಪೇಪರ್ ಕನ್ನಡ ಮಾಧ್ಯಮದವರಿಗೆ ನಿಜಕ್ಕೂ ಅನುಕೂಲ. ನನ್ನಲ್ಲಿ ಇಕನಾಮೆಟ್ರಿಕ್ಸ್‌ನಲ್ಲಿ ಚೆನ್ನಾಗಿ ಮಾಡಿದವರಲ್ಲಿ ಹಳ್ಳಿ ಶಾಲೆಯಿಂದ ಬಂದವರು ಬಹಳ ಜನ ಇದ್ದಾರೆ.

ಹಂತ 7: ವಾರದ ಲೆಕ್ಕ

ಪ್ರತಿ ಪೇಪರ್‌ಗೆ ವಾರಕ್ಕೆ ಒಂದು ಲೆಕ್ಕದ ಹಾಳೆ, ಐದಾರು ಪ್ರಶ್ನೆ. ಮೊದಲು ಒಬ್ಬರೇ ಒಂದೂವರೆ ಗಂಟೆ ಕೂರಿ, ಉತ್ತರ ಬರದಿದ್ದರೂ ಎಲ್ಲಿ ಸಿಕ್ಕಿಬಿದ್ದೆ ಅಂತ ಬರೆದಿಡಿ. ಮಾರನೇ ದಿನ ಗುಂಪಿನಲ್ಲಿ ಬಿಡಿಸಿ. ಆಮೇಲೂ ಉಳಿದದ್ದನ್ನು ಮಾತ್ರ ಟೀಚರ್ ಹತ್ತಿರ ತೆಗೆದುಕೊಂಡು ಹೋಗಿ. "ಸರ್, ಚಾಪ್ಟರ್ ಅರ್ಥ ಆಗಿಲ್ಲ" ಅಂದರೆ ಯಾರಿಗೂ ಸಹಾಯ ಮಾಡಲು ಆಗುವುದಿಲ್ಲ. "ಸರ್, ಮೂರನೇ ಸಾಲಿನಿಂದ ನಾಲ್ಕನೇ ಸಾಲು ಹೇಗೆ ಬಂತು?" ಅಂದರೆ ಐದು ನಿಮಿಷದಲ್ಲಿ ಆಗುತ್ತದೆ.

ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ಐಐಟಿ ಜ್ಯಾಮ್‌ನಲ್ಲಿ 2021ರಿಂದ ಅರ್ಥಶಾಸ್ತ್ರದ ಪೇಪರ್ ಇದೆ. ಎಂಎ ಯೋಚನೆ ಇದ್ದರೆ ಐದನೇ ಸೆಮಿಸ್ಟರ್‌ನಲ್ಲೇ ಅದರ ಹಳೇ ಪ್ರಶ್ನೆಪತ್ರಿಕೆಗಳನ್ನು ಈ ವಾರದ ಹಾಳೆಗೆ ಸೇರಿಸಿ. ಬೇರೆ ತಯಾರಿ ಅಂತ ಆಮೇಲೆ ಓಡಾಡುವುದು ತಪ್ಪುತ್ತದೆ.

ಹಂತ 8: ಪ್ರಾಜೆಕ್ಟ್

ಆರನೇ ಸೆಮಿಸ್ಟರ್‌ನ ಪ್ರಾಜೆಕ್ಟ್‌ಗೆ ಬರುವ ವಿಷಯಗಳು ಹೀಗಿರುತ್ತವೆ: "ಕರ್ನಾಟಕದಲ್ಲಿ ಪ್ರಾದೇಶಿಕ ಅಸಮಾನತೆ: ಒಂದು ಅಧ್ಯಯನ". ಇದು ವಿಷಯವೇ ಅಲ್ಲ, ಇದು ಒಂದು ಕಪಾಟು. ಅದನ್ನು ಪ್ರಶ್ನೆ ಆಗುವ ತನಕ ಕಿರಿದು ಮಾಡಿ. ನಂಜುಂಡಪ್ಪ ಸಮಿತಿ 2002ರಲ್ಲಿ 175 ತಾಲೂಕುಗಳಲ್ಲಿ 114 ಹಿಂದುಳಿದಿವೆ ಅಂತ ಗುರುತಿಸಿತು, ಅದರಲ್ಲಿ 39 ಅತ್ಯಂತ ಹಿಂದುಳಿದವು. ನಿಮ್ಮ ತಾಲೂಕು ಆ ಪಟ್ಟಿಯಲ್ಲಿ ಇತ್ತಾ? ಅವತ್ತು ಸಾಕ್ಷರತೆಯಲ್ಲಿ ಪಕ್ಕದ ತಾಲೂಕಿಗಿಂತ ಎಷ್ಟು ಹಿಂದೆ ಇತ್ತು, ಆಮೇಲೆ ಆ ಅಂತರ ಕಡಿಮೆಯಾಯಿತಾ? ಇದು ಪ್ರಶ್ನೆ. ಇದಕ್ಕೆ 2001 ಮತ್ತು 2011ರ ಜನಗಣತಿ ಸಾಕು, ಮೂರು ತಿಂಗಳಲ್ಲಿ ಮುಗಿಯುತ್ತದೆ.

ಅಂಕಿಅಂಶಕ್ಕೆ ಊರೆಲ್ಲ ಅಲೆಯಬೇಡಿ. ರಾಜ್ಯದ ಆರ್ಥಿಕ ಸಮೀಕ್ಷೆ ಪ್ರತಿ ವರ್ಷ ಬರುತ್ತದೆ. 2017-18ರಿಂದ ನಡೆಯುತ್ತಿರುವ ಕಾರ್ಮಿಕ ಬಲ ಸಮೀಕ್ಷೆಯ ಮೂಲ ದತ್ತಾಂಶವನ್ನು ಕೇಂದ್ರ ಸಾಂಖ್ಯಿಕ ಸಚಿವಾಲಯದ ತಾಣದಿಂದ ನೋಂದಣಿ ಮಾಡಿಕೊಂಡು ಪುಕ್ಕಟೆ ಇಳಿಸಿಕೊಳ್ಳಬಹುದು. ನಲವತ್ತು ಮನೆಗೆ ಹೋಗಿ ಪ್ರಶ್ನಾವಳಿ ತುಂಬಿಸಿ ಇಡೀ ಜಿಲ್ಲೆಯ ಬಗ್ಗೆ ತೀರ್ಮಾನ ಬರೆಯುವುದಕ್ಕಿಂತ ಇದು ಎಷ್ಟೋ ಮೇಲು.

ಬರೆಯುವಾಗ ಪೀಠಿಕೆಯನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಒಂದು ಕೋಷ್ಟಕ, ಒಂದು ಚಿತ್ರ ತಯಾರು ಮಾಡಿ, ಅದರ ಕೆಳಗೆ ಅದು ಏನು ಹೇಳುತ್ತದೆ ಅಂತ ನಾಲ್ಕು ಸಾಲು, ಏನು ಹೇಳುವುದಿಲ್ಲ ಅಂತ ಎರಡು ಸಾಲು. ವೈವಾದಲ್ಲಿ ಕೇಳುವುದು ಬಹುಪಾಲು ಆ ಎರಡು ಸಾಲಿನ ಬಗ್ಗೆಯೇ. ವೈವಾದ ಹಿಂದಿನ ರಾತ್ರಿ ಮನೆಯಲ್ಲಿ ಅಮ್ಮನನ್ನೋ ಅಕ್ಕನನ್ನೋ ಕೂರಿಸಿಕೊಂಡು ಆ ಕೋಷ್ಟಕ ತೋರಿಸಿ ವಿವರಿಸಿ. ಅವರು "ಇದು ಯಾಕೆ ಹೀಗೆ?" ಅಂತ ಎಲ್ಲಿ ಕೇಳುತ್ತಾರೋ ಅಲ್ಲಿ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಮಲಗುವ ಮುಂಚೆ ಅಷ್ಟನ್ನು ಸರಿಮಾಡಿಕೊಳ್ಳಿ.